ಅರಬೈಲ್ ಘಟ್ಟ ಹತ್ತಿ ಉಪ್ಪು ಚಹಾಕ್ಕೆ

ಅಂಕೋಲೆಯಿಂದ ಹುಬ್ಬಳ್ಳಿ ಬಸ್ಸು ಹತ್ತಿದರೆ ಅರಬೈಲ್ ಘಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳಸದವರು ಕಡಿಮೆ. ನಮ್ಮವರು ನಿಂಬೆಹಣ್ಣು ಮೂಸುತ್ತಲೇ ಕೂತಿದ್ದರು. ಘಟ್ಟ ಹತ್ತಿ ಯಲ್ಲಾಪುರದಲ್ಲಿಳಿದು, ಮುಂಡಗೋಡದ ಟಿಬೆಟನ್ ಕ್ಯಾಂಪಿಗೆ ಹೋದೆವು.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರಲ್ಲ, ಅವರ ಹಿಂದೆ ದೇಶ ಬಿಟ್ಟು ಬಂದವರಿಗೆ 1966ರಲ್ಲಿ ಇಲ್ಲಿ ನೆಲೆ ಸಿಕ್ಕಿತು. ಹಿಮದ ನಾಡಿನವರು ಕಾಡು ಸವರಿ ಗೋವಿನಜೋಳ ಬೆಳೆದರು, ಚಳಿಗಾಲದಲ್ಲಿ ಊರೂರು ತಿರುಗಿ ಸ್ವೆಟರ್ ಮಾರಿದರು. ಈಗ ಹೋಟೆಲುಗಳೂ ಇವೆ.

ನಾವು ಹೋದ ಪುಟ್ಟ ಹೋಟೆಲಿನಲ್ಲಿ ಗಲ್ಲಾದಲ್ಲೂ ಒಲೆಯ ಮುಂದೂ ಒಬ್ಬಳೇ ಹೆಂಗಸು. ಮೋಮೋ ನಮ್ಮ ಕಡುಬಿನಂತೆ ಹಬೆಯಲ್ಲಿ ಬೇಯುತ್ತದೆ. ಒಳಗೆ ಕೋಸು, ಈರುಳ್ಳಿ. ಚಹಾಕ್ಕೆ ಮಾತ್ರ ಸಕ್ಕರೆಯಲ್ಲ, ಉಪ್ಪು ಮತ್ತು ಬೆಣ್ಣೆ! ಹಿಂದೆ ಉದ್ದನೆಯ ಮರದ ಕೊಳವೆಯಲ್ಲಿ ಕಡೆಯುತ್ತಿದ್ದರಂತೆ, ಇವಳದು ಮಿಕ್ಸಿ. ನನ್ನ ಮುಖ ನೋಡಿ, "ಸಾರು ಅಂದ್ಕೊಂಡು ಕುಡೀರಿ ಅಕ್ಕಾ" ಎಂದು ನಕ್ಕಳು. ಹಾಗೆ ಕುಡಿದರೆ ರುಚಿಯೇ.

"ನಿಮ್ಮ ಊರು ಯಾವುದು ತಂಗಿ?" ಎಂದೆ.

"ಹುಟ್ಟಿದ್ದು ಇಲ್ಲೇ ಅಕ್ಕಾ. ಅಮ್ಮ ಹೇಳೋ ಊರು ನಾನು ನೋಡೇ ಇಲ್ಲ. ಮಗ ಹೊರದೇಶಕ್ಕೆ ಹೋಗ್ತೀನಿ ಅಂತಾನೆ."

ಮೂರು ತಲೆಮಾರಿಗೆ ಮೂರು ದೇಶ! ತವರಿಗೆ ಹೋಗಬೇಕೆನಿಸಿದರೆ ನಾವು ಬಸ್ಸು ಹತ್ತುತ್ತೇವೆ. ಅವಳ ತಾಯಿಗೆ ಆ ಬಸ್ಸೇ ಇರಲಿಲ್ಲ; ಮಗಳಿಗೆ ಉಪ್ಪು ಚಹಾ ಕಲಿಸಿದಳು.