ಬೀಗದ ಕೈ ಯಾರ ಸೊಂಟದಲ್ಲಿ?

ನಮ್ಮ ಅಜ್ಜಿಯ ಕಾಲದಲ್ಲಿ ಮನೆಯ ಯಜಮಾನಿಕೆ ಯಾರದೆಂದು ತಿಳಿಯಬೇಕಾದರೆ ಬೀಗದ ಕೈ ಗೊಂಚಲು ಯಾರ ಸೊಂಟದಲ್ಲಿದೆಯೆಂದು ನೋಡಿದರೆ ಸಾಕಾಗುತ್ತಿತ್ತು. ತಾತ ಎಷ್ಟೇ ಗರ್ಜಿಸಲಿ, ಉಗ್ರಾಣ ತೆರೆಯಬೇಕಾದರೆ ಅಜ್ಜಿಯ ಮುಂದೆ ನಿಲ್ಲಲೇಬೇಕು. ಈಚೆಗೆ ನನ್ನ ಮನೆಯ ಯಜಮಾನರು ಯಾರೆಂಬ ಸಂಶಯ ನನಗೆ ಹುಟ್ಟಿದೆ.

ಸಂಶಯಕ್ಕೆ ಕಾರಣ, ನಡುಮನೆಯಲ್ಲಿ ಟಿ.ವಿ.ಯ ಪಕ್ಕದಲ್ಲಿ ಕುಳಿತಿರುವ, ದಪ್ಪ ನಿಘಂಟಿನ ಗಾತ್ರದ ಒಂದು ಪೆಟ್ಟಿಗೆ. ಅದರೊಳಗಿನ ಡಿಸ್ಕಿನಲ್ಲಿ ಮನೆಪತ್ರ, ಮಕ್ಕಳ ಫೋಟೋಗಳು, ಅಮ್ಮನ ಹತ್ತು ವರ್ಷಗಳ ವೈದ್ಯಕೀಯ ವರದಿಗಳು ಎಲ್ಲವೂ ಇವೆ. ನಮ್ಮ ಸಾಮಾನು ನಮ್ಮ ಮನೆಯಲ್ಲಿಯೇ ಇರಲಿ, ಬೇಕೆಂದಾಗ ಎಲ್ಲಿಂದಲಾದರೂ ಫೋನಿನಲ್ಲಿ ನೋಡಬಹುದು ಎಂದು ಕೊಂಡದ್ದು.

ಕಳೆದ ವರ್ಷ ಅಮ್ಮನೂ ನಾನೂ ಮೈಸೂರಿಗೆ, ತಂಗಿಯ ಮನೆಗೆ ಹೋಗಿದ್ದಾಗ ಅಮ್ಮನಿಗೆ ಎದೆನೋವು ಕಾಣಿಸಿತು. ಡಾಕ್ಟರು ಹಳೆಯ ಇ.ಸಿ.ಜಿ. ಕೇಳಿದರು. ಹೊಸದರ ಪಕ್ಕದಲ್ಲಿಟ್ಟು ನೋಡಿದರೆ ಗೆರೆಯಲ್ಲಿನ ವ್ಯತ್ಯಾಸ ಈಗಿನದೋ ಹಿಂದಿನದೋ ತಿಳಿಯುತ್ತದಂತೆ. ಫೋನು ತೆಗೆದೆ. ಸರ್ವರಿನ ಸಂಪರ್ಕ ಸಿಗುತ್ತಿಲ್ಲವೆಂದಿತು. ಬೆಂಗಳೂರಿನಲ್ಲಿ ಎದುರುಮನೆಯವರ ಹತ್ತಿರ ನಮ್ಮ ಮನೆಯ ಇನ್ನೊಂದು ಬೀಗದ ಕೈ ಇರುತ್ತದೆ. ಅವರು ಹೋಗಿ ನೋಡಿ, "ಹಸಿರು ದೀಪ ಉರೀತಾ ಇದೆ ಸಾರ್, ಇಂಟರ್‌ನೆಟ್ಟೂ ಇದೆ" ಎಂದರು. ಮನೆಯ ಬಾಗಿಲು ತೆರೆಯಿತು, ಪೆಟ್ಟಿಗೆ ತೆರೆಯಲಿಲ್ಲ. ಕೆಟ್ಟು ಕುಳಿತದ್ದು ಎಲ್ಲೋ ದೂರದಲ್ಲಿರುವ ಕಂಪನಿಯ ಸರ್ವರು. ಡಾಕ್ಟರು ಅಮ್ಮನನ್ನು ರಾತ್ರಿಯೆಲ್ಲ ಇರಿಸಿಕೊಂಡು ಮತ್ತೆ ಮತ್ತೆ ಪರೀಕ್ಷೆ ಮಾಡಿದರು. ದೇವರ ದಯೆ, ಅಪಾಯವೇನೂ ಇರಲಿಲ್ಲ. ಆದರೆ ಆ ರಾತ್ರಿ ಬೆಂಚಿನ ಮೇಲೆ ಕುಳಿತವನ ಪಾಡು ಯಾರಿಗೂ ಬೇಡ.

ಇದರ ಗುಟ್ಟನ್ನು ಸೋದರಳಿಯ ಬಿಡಿಸಿ ಹೇಳಿದ. ಅನೇಕ ಮನೆಗಳ ಇಂಟರ್‌ನೆಟ್ಟಿಗೆ ಸ್ವಂತ ವಿಳಾಸವೇ ಇಲ್ಲ. ವಠಾರದಂತೆ ಹಲವು ಮನೆಗಳಿಗೆ ಒಂದೇ ವಿಳಾಸ. ಹೊರಗಿನಿಂದ ಬಂದವನಿಗೆ ಒಳದಾರಿ ತಿಳಿಯದು. ಆದುದರಿಂದ ಪೆಟ್ಟಿಗೆಯೇ ಒಳಗಿನಿಂದ ಕಂಪನಿಯ ಸರ್ವರನ್ನು ಹಿಡಿದು ಕಾದಿರುತ್ತದೆ. ನಮ್ಮ ಫೋನೂ ಅಲ್ಲಿಗೇ ಹೋಗಿ ಗುರುತು ಹೇಳಬೇಕು. ಮದುವೆಯ ದಲ್ಲಾಳಿ ಮಲಗಿಬಿಟ್ಟರೆ ಗಂಡೂ ಇಲ್ಲ, ಹೆಣ್ಣೂ ಇಲ್ಲ!

ಇದು ನನ್ನೊಬ್ಬನ ಪಾಡಲ್ಲ. 2023ರಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿಯ ಜಾಲಕ್ಕೆ ಕಳ್ಳರು ನುಗ್ಗಿದರು. ಏಪ್ರಿಲ್‌ನಲ್ಲಿ ಅದರ ‘ಮೈ ಕ್ಲೌಡ್’ ಸೇವೆ ಸುಮಾರು ಹತ್ತು ದಿನ ನಿಂತಿತು. ‘ಮೈ ಕ್ಲೌಡ್ ಹೋಮ್’ ಪೆಟ್ಟಿಗೆಯವರು ಅದರ ಪಕ್ಕದಲ್ಲಿಯೇ ಕುಳಿತಿದ್ದರೂ ತಮ್ಮ ಫೋಟೋ ತಾವು ನೋಡಲಾರದೆ ಹೋದರು. ಮನೆಯೊಳಗಿನ ಲಾಗಿನ್ನಿಗೂ ಕಂಪನಿಯ ಅಪ್ಪಣೆ ಬೇಕಾಗಿತ್ತು. ಬಳಿಕ ಕಂಪನಿಯೇ ಮನೆಯೊಳಗಿನಿಂದ ನೇರವಾಗಿ ತೆರೆಯುವ ಉಪಾಯ ತಿಳಿಸಿತು. ಇದನ್ನು ಮೊದಲೇ ಮಾಡಿಕೊಡಬಾರದಿತ್ತೆ?

ಹಾಗೆಂದು ಕಾವಲುಗಾರನೇ ಬೇಡವೆನ್ನಲು ನನಗೆ ಧೈರ್ಯ ಸಾಲದು. 2021ರ ಜೂನ್‌ನಲ್ಲಿ ಅದೇ ಕಂಪನಿಯ ‘ಮೈ ಬುಕ್ ಲೈವ್’ ಪೆಟ್ಟಿಗೆಗಳನ್ನು ದುಷ್ಟರು ದೂರದಿಂದಲೇ ಒರೆಸಿಹಾಕಿದ್ದರು. ಅವು ಇಂಟರ್‌ನೆಟ್ಟಿಗೆ ನೇರ ಬಾಗಿಲು ತೆರೆದುಕೊಂಡಿದ್ದವು, 2015ರಿಂದೀಚೆಗೆ ಯಾವ ದುರಸ್ತಿಯನ್ನೂ ಕಂಡಿರಲಿಲ್ಲ. ಕಾವಲುಗಾರ ಇರಲಿ, ಬೀಗದ ಕೈ ಒಂದು ನನ್ನ ಬಳಿಯೂ ಇರಲಿ ಎಂಬುದಷ್ಟೇ ನನ್ನ ತಕರಾರು.

ಸೋದರಳಿಯ ‘ವೈರ್‌ಗಾರ್ಡ್’ ಎಂಬ ಸುರಂಗಮಾರ್ಗವೊಂದನ್ನು ಅಣಿಮಾಡಿಟ್ಟಿದ್ದಾನೆ. ಅದರ ಕೀಲಿಗಳು ನಮ್ಮ ಫೋನಿನಲ್ಲಿ ಮತ್ತು ಮನೆಯಲ್ಲಿ ಮಾತ್ರ. ಆದರೆ ಅದಕ್ಕೆ ಮನೆಗೆ ಸ್ವಂತ ವಿಳಾಸ ಬೇಕು, ವಿಳಾಸಕ್ಕೆ ಬೇರೆ ಶುಲ್ಕ. ಅರ್ಜಿ ಹಾಕಿದ್ದೇನೆ, ಇನ್ನೂ ಬಂದಿಲ್ಲ. ಅಮ್ಮ ಮಾತ್ರ ಯಾರಿಗೂ ಕಾಯದೆ ಇ.ಸಿ.ಜಿ.ಯ ಜೆರಾಕ್ಸ್ ಪ್ರತಿಯೊಂದನ್ನು ನಾಲ್ಕಾಗಿ ಮಡಚಿ ತನ್ನ ಎಲೆಯಡಿಕೆಯ ಚೀಲದಲ್ಲಿ ಇಟ್ಟುಕೊಂಡಿದ್ದಾಳೆ.