ಮುರಿಯುವ ಮೊದಲು

ನಮ್ಮ ಮನೆಗಳಲ್ಲಿ ಹೆಂಗಸರ ಸೊಂಟನೋವಿಗೆ ಕಾರಣ ಹುಡುಕುವವರಿಲ್ಲ. ಬಾಣಂತನದಲ್ಲಿ ಆರೈಕೆ ಸಾಲಲಿಲ್ಲ, ವಾಯು, ವಯಸ್ಸು, ಇಷ್ಟರಲ್ಲಿ ಎಲ್ಲ ಮುಗಿಯುತ್ತದೆ. ಉಳಿದದ್ದಕ್ಕೆ ಬಿಸಿನೀರು, ನೀಲಗಿರಿ ಎಣ್ಣೆ.

ನನ್ನ ಅತ್ತಿಗೆಯೂ ಹಾಗೇ ಅಂದುಕೊಂಡಿದ್ದರು. ಸ್ತನದ ಕ್ಯಾನ್ಸರಿಗೆ ಆಪರೇಷನ್ ಆಗಿ ಆರು ವರ್ಷ ಕಳೆದಿತ್ತು. ಆ ಕಾಯಿಲೆಯ ಹೆಸರನ್ನೇ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ತೊಡೆಯಲ್ಲಿ ನೋವು ಶುರುವಾದಾಗ ಮೂರು ತಿಂಗಳು ಎಣ್ಣೆ ತಿಕ್ಕಿಕೊಂಡರು. ರಾತ್ರಿ ಮಲಗಿದರೂ ಬಿಡದ ನೋವು. ಒಂದು ಬೆಳಿಗ್ಗೆ ಬಚ್ಚಲಿನ ಹೊಸ್ತಿಲು ದಾಟುವಾಗ ತೊಡೆಯ ಮೂಳೆ ಲಟಕ್ಕೆಂದು ಮುರಿಯಿತು. “ನಾನು ಬಿದ್ದು ಮುರಿದದ್ದಲ್ಲ ಕಣೇ, ಮುರಿದ ಮೇಲೆ ಬಿದ್ದೆ” ಎನ್ನುತ್ತಿದ್ದರು. ಅದು ನಿಜವೇ ಆಗಿತ್ತು.

ಮೂಳೆಯೆಂದರೆ ಜೀವವಿಲ್ಲದ ಕಡ್ಡಿಯಲ್ಲ. ಹಳೆಯದನ್ನು ಕೆಡವುವ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ಅದರೊಳಗೆ ದಿನವೂ ದುಡಿಯುತ್ತವೆ. ಸ್ತನದ ಕ್ಯಾನ್ಸರ್ ಅಲ್ಲಿ ಬಂದು ನೆಲೆಸಿದರೆ ಸಾಮಾನ್ಯವಾಗಿ ಕೆಡವುವವಕ್ಕೆ ಕುಮ್ಮಕ್ಕು ಕೊಡುತ್ತದೆ. ಗೆದ್ದಲು ಹಿಡಿದ ತೊಲೆಯಂತೆ ಒಳಗೊಳಗೇ ಪೊಳ್ಳಾಗುತ್ತದೆ.

2007ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಸ್ತನದ ಕ್ಯಾನ್ಸರ್ ಮೂಳೆಗೆ ಹಬ್ಬಿದವರ ಪೈಕಿ ನೂರಕ್ಕೆ 35 ಮಂದಿಗೆ ಮೂಳೆ ಮುರಿದಿತ್ತು. ಹಾಗೆ ಮುರಿದವರಿಗೆ ಸಾವಿನ ಅಪಾಯ ಉಳಿದವರಿಗಿಂತ ಸುಮಾರು ಮೂರನೇ ಒಂದು ಪಾಲು ಹೆಚ್ಚಿತ್ತು. ಮುರಿತವೇ ಕೊಲ್ಲುತ್ತದೆಂದಲ್ಲ, ಅದು ರೋಗ ಬಲಿತದ್ದರ ಗುರುತೂ ಇರಬಹುದು. ಆದರೆ ಹಾಸಿಗೆ ಹಿಡಿದವರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ನ್ಯುಮೋನಿಯಾ ಬರಬಹುದು, ಕೀಮೋಥೆರಪಿ ಮುಂದಕ್ಕೆ ಹೋಗಬಹುದು.

ಆದ್ದರಿಂದಲೇ ಮುರಿಯುವ ಮೊದಲಿನ ದಿನಗಳಿಗೆ ಬೆಲೆ. ಮೂಳೆ ಅಪಾಯದ ಮಟ್ಟಕ್ಕೆ ಸವೆದದ್ದು ಎಕ್ಸ್‌ರೇಯಲ್ಲಿ ಕಂಡರೆ ಮೊದಲೇ ಒಳಗೆ ರಾಡ್ ಕೂರಿಸುತ್ತಾರೆ. ವಿಕಿರಣ ಚಿಕಿತ್ಸೆಯಿಂದ, ಅನೇಕರಿಗೆ ಒಂದೇ ಸಲದ್ದರಿಂದ, ನೋವು ತಗ್ಗುತ್ತದೆ. ಮೂಳೆ ಸವೆತ ತಡೆಯುವ ಜೋಲೆಡ್ರಾನಿಕ್ ಆಸಿಡ್ ಎಂಬ ಇಂಜೆಕ್ಷನ್ ಇದೆ. ಅಪರೂಪಕ್ಕೆ ದವಡೆಗೆ ತೊಂದರೆಯಾಗುವುದರಿಂದ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿಕೊಳ್ಳಬೇಕು.

ಮುರಿದ ಮೇಲೂ ಎಲ್ಲ ಮುಗಿಯುವುದಿಲ್ಲ. ಅತ್ತಿಗೆಗೆ ರಾಡ್ ಹಾಕಿದರು. ವಾಕರ್ ಹಿಡಿದು ಅಡುಗೆಮನೆಗೆ ಬಂದು, ನಾನು ಒಗ್ಗರಣೆ ಸೀಯಿಸಿದ್ದಕ್ಕೆ ಬೈಯುವಷ್ಟಾದರು. ಎರಡೂವರೆ ವರ್ಷ ಇದ್ದರು. ಕುರ್ಚಿಯ ಮೇಲೆ ಕೂತೇ ಮಗಳಿಗೆ ಧಾರೆ ಎರೆದರು.

ನಿಮ್ಮಲ್ಲಿ ಯಾರಿಗಾದರೂ ಹಿಂದೆ ಈ ಕಾಯಿಲೆ ಬಂದು ಹೋಗಿದ್ದರೆ, ಬಿಡದ ನೋವನ್ನು ಡಾಕ್ಟರಿಗೆ ಹೇಳುವಾಗ ಹಳೆಯ ಆಪರೇಷನ್ನಿನ ಮಾತನ್ನೂ ಸೇರಿಸಿ ಹೇಳಿ. ಬೆನ್ನುನೋವಿನ ಜೊತೆಗೆ ಕಾಲಿನ ಶಕ್ತಿ ಕುಂದಿದರೆ, ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಂದೇ ಆಸ್ಪತ್ರೆಗೆ ಹೊರಡಿ. ಹಬ್ಬ ಮುಗಿಯಲಿ, ಮಕ್ಕಳ ಪರೀಕ್ಷೆ ಮುಗಿಯಲಿ ಎಂದು ಕಾಯಬೇಡಿ.