ಅಪ್ಪಯ್ಯನ ಕೋಟು, ಮಾಣಿಯ ಬೂಟು

"ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಎಂಬ ಗಾದೆಯನ್ನು ಕಟ್ಟಿದವರು ಯಾರೋ ತಿಳಿಯದು. ಅವರ ಮನೆಯಲ್ಲಿ ಇಪ್ಪತ್ತು ದಾಟಿದ ಮೊಮ್ಮಗನೊಬ್ಬ ಇದ್ದಿರಲಾರ ಎಂದು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ನನ್ನ ಮೊಮ್ಮಗನ ಮಟ್ಟಿಗೆ ಊಟ ಹಾಸ್ಟೆಲಿನವರ ಇಚ್ಛೆ. ಉಡುಪು ಸಂಪೂರ್ಣವಾಗಿ ತನ್ನಿಚ್ಛೆ.

ಒಂದು ಡಿಸೆಂಬರಿನಲ್ಲಿ ಉಡುಪಿಯಲ್ಲಿ ನೆಂಟರ ಮನೆಯ ಮದುವೆ. ಮಣಿಪಾಲದಲ್ಲಿ ಓದುತ್ತಿರುವ ಮಾಣಿ ಹಾಸ್ಟೆಲಿನಿಂದ ನೇರವಾಗಿ ಸಭಾಭವನಕ್ಕೆ ಬಂದ. ಮೇಲೆ ಅಳತೆ ಕೊಟ್ಟು ಹೊಲಿಸಿದ ಬೂದು ಬಣ್ಣದ ಉಣ್ಣೆಯ ಕೋಟು; ಅದರೊಳಗೆ ಷರಟಿಲ್ಲ, ಕೊರಳು ಮುಚ್ಚುವ ಹೆಣಿಗೆಯ ಬನಿಯನಿನಂಥದೊಂದು; ಕೆಳಗೆ ಮಾಸಿದ ನೀಲಿ ಜೀನ್ಸು; ಕಾಲಿಗೆ ಗಂಟು ಮುಚ್ಚುವ ಕಂದು ಬೂಟು; ಸಾಲದ್ದಕ್ಕೆ ತೋಳಿನ ಮೇಲೆ ಒಂದು ಚರ್ಮದ ಜಾಕೆಟ್ಟು. ಡಿಸೆಂಬರೆಂದರೆ ನಮ್ಮ ಕರಾವಳಿಯಲ್ಲಿ ಚಳಿಗಾಲವಲ್ಲ. ಬೆವರು ಸ್ವಲ್ಪ ಕಡಿಮೆ ಸುರಿಯುವ ಕಾಲ, ಅಷ್ಟೆ.

"ಏನು ಮಾರಾಯ, ಅಷ್ಟಮಿ ಕಳೆದು ಎಷ್ಟು ಕಾಲವಾಯಿತು! ಇನ್ನೂ ವೇಷ ಬಿಚ್ಚಲಿಲ್ಲವೆ?" ಎಂದೆ. ಕೃಷ್ಣಾಷ್ಟಮಿಗೂ ಮರುದಿನದ ವಿಟ್ಲಪಿಂಡಿಗೂ ಹುಲಿವೇಷ ಮೊದಲಾದ ನಾನಾ ವೇಷಗಳು ಉಡುಪಿಯ ಬೀದಿಬೀದಿಗಳಲ್ಲಿ ಕುಣಿಯುವುದನ್ನು ಕಂಡವರಿಗೆ ನನ್ನ ಮಾತಿನ ಮೊನೆ ಅರ್ಥವಾಗುತ್ತದೆ.

ಮಾಣಿಗೆ ಸಿಟ್ಟು ಬರಲಿಲ್ಲ. "ಅಜ್ಜಯ್ಯ, ಇದಕ್ಕೂ ಒಂದು ಲೆಕ್ಕ ಉಂಟು" ಎಂದು ಪಾಠಕ್ಕೆ ಕುಳಿತ. ಕೋಟು ಭುಜದಲ್ಲಿ ಸರಿಯಾಗಿ ಕೂರಬೇಕು. ಅಲ್ಲಿ ರಿಯಾಯಿತಿ ಇಲ್ಲ. ದಪ್ಪ ಅಡಿಯ ಬೂಟಿಗೆ ದಪ್ಪ ಬಟ್ಟೆಯೇ ಜೊತೆ. ತೆಳು ಷರಾಯಿಯ ಕೆಳಗೆ ಅದು ಆನೆಯ ಕಾಲಾಗಿ ಕಾಣುತ್ತದೆ. ಉಣ್ಣೆಯ ಪಕ್ಕಕ್ಕೆ ಹೊಳೆಯುವ ಚರ್ಮಕ್ಕಿಂತ ಮಂಕಾದ ಚರ್ಮ ಒಳ್ಳೆಯದು. ಒಳಗಿನ ಪದರ ತೆಳು, ಹೊರಗಿನದು ದಪ್ಪ. ಒಂದು ಶಿಸ್ತಿನದಾದರೆ ಇನ್ನೊಂದು ಸಡಿಲಾಗಿರಬೇಕು. "ತಾಳಮದ್ದಳೆಯಲ್ಲಿ ಕೌರವನ ಎದುರು ಇನ್ನೊಬ್ಬ ಕೌರವ ಕೂತರೆ ಆಗುತ್ತದಾ? ಕೃಷ್ಣ ಬೇಕಲ್ಲ!" ಎಂದು ಮುಗಿಸಿದ. ಉಪಮೆ ನನ್ನದೇ ಮನೆಯಿಂದ ಹೋದದ್ದಾದ್ದರಿಂದ ನಾನು ಬಾಯಿ ಮುಚ್ಚಿದೆ.

ಇವೆಲ್ಲ ಪರದೇಶದ ಹುಚ್ಚು ಎಂದು ತಳ್ಳಿಹಾಕುವುದು ಸುಲಭ. ಆದರೆ ಉಡುಪಿನ ಚರಿತ್ರೆಯನ್ನು ಕೆದಕಿದರೆ ಶುದ್ಧವಾದದ್ದು ಯಾವುದೂ ಕೈಗೆ ಸಿಗುವುದಿಲ್ಲ. ಕಾರ್ಡಿಗನ್ ಎನ್ನುವುದು 1854ರ ಕ್ರಿಮಿಯ ಯುದ್ಧದಲ್ಲಿ ಕುದುರೆಪಡೆಯನ್ನು ನಡೆಸಿದ ಇಂಗ್ಲಿಷ್ ಪ್ರಭುವಿನ ಹೆಸರು. ಚರ್ಮದ ಜಾಕೆಟ್ಟಿಗೆ ಹೆಸರು ತಂದುಕೊಟ್ಟವರು ಮಹಾಯುದ್ಧಗಳಲ್ಲಿ ಆಕಾಶದ ಚಳಿಗೆ ಅದನ್ನು ತೊಟ್ಟ ವಿಮಾನ ಚಾಲಕರು. ಪರ್ಷಿಯನ್ನಿನಲ್ಲಿ ಧೂಳಿಗೆ ಹೆಸರಾದ 'ಖಾಕ್'ನಿಂದ ಬಂದದ್ದು ಖಾಕಿ. ಅದರ ಬಣ್ಣಗಾರಿಕೆಯಲ್ಲಿ ಮಂಗಳೂರಿನ ಬಲ್ಮಠದ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಗೂ ಅಲ್ಲಿದ್ದ ಹಾಲರ್ ಎಂಬವರಿಗೂ ಪಾಲುಂಟೆಂದು ನಮ್ಮ ಜಿಲ್ಲೆಯವರು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1918ರಿಂದ 1921ರವರೆಗೆ ಪಾಠ ಹೇಳಿದ ರಾಧಾಕೃಷ್ಣನ್ ಅವರು 1962ರಲ್ಲಿ ರಾಷ್ಟ್ರಪತಿಗಳಾದಾಗಲೂ ಪಂಚೆ, ಉದ್ದನೆಯ ಕೋಟು, ಬಿಳಿಯ ಮುಂಡಾಸುಗಳಲ್ಲೇ ಇದ್ದರು. ಆ ಬೆರಕೆಯನ್ನು ನೋಡಿ ಯಾರೂ ನಗಲಿಲ್ಲ.

ಅಷ್ಟು ದೂರವಾದರೂ ಯಾಕೆ? ನಮ್ಮ ಅಪ್ಪಯ್ಯನೇ ಇದ್ದರಲ್ಲ.

ಅಪ್ಪಯ್ಯ ಕಾರ್ಕಳದ ಹತ್ತಿರದ ಹಳ್ಳಿಯೊಂದರಲ್ಲಿ ಮೇಷ್ಟ್ರಾಗಿದ್ದರು. ನಮ್ಮ ಜಿಲ್ಲೆ ಆಗ ಮದರಾಸಿಗೆ ಸೇರಿತ್ತು. ಶಾಲೆ ನೋಡಲು ಇನ್‌ಸ್ಪೆಕ್ಟರು ಬರುತ್ತಾರೆಂದು 1954ರಲ್ಲಿ ಅವರು ಉಡುಪಿಯ ದರ್ಜಿಯೊಬ್ಬರಲ್ಲಿ ಕರಿ ಕೋಟೊಂದನ್ನು ಹೊಲಿಸಿದರು. 1956ರಲ್ಲಿ ರಾಜ್ಯ ಬದಲಾಯಿತು, ಕೋಟು ಬದಲಾಗಲಿಲ್ಲ. ಬಿಳಿ ಪಂಚೆ, ಮೇಲೆ ಕರಿ ಕೋಟು, ಹೆಗಲಿಗೆ ಬೈರಾಸು, ಕಂಕುಳಲ್ಲಿ ಕೊಡೆ, ಕಾಲಿಗೆ ಚರ್ಮದ ಚಪ್ಪಲಿ – ಮಾಣಿಯ ಲೆಕ್ಕದಲ್ಲಿ ಶಿಸ್ತಿಗೆ ಕೋಟು, ಸಡಿಲಿಗೆ ಬೈರಾಸು. ಪಂಚೆಯ ಮೇಲೆ ಹಾಕುವ ಕೋಟಿಗೆ ಅಳತೆಯೇ ಬೇರೆಯಂತೆ: ಸೊಂಟದಲ್ಲಿ ಪಂಚೆಯ ಸುತ್ತು ದಪ್ಪವಾಗಿ ನಿಲ್ಲುವುದರಿಂದ ಅಲ್ಲಿ ಸಡಿಲು ಬಿಡಬೇಕು, ಭುಜದಲ್ಲಿ ಬಿಗಿ ಹಿಡಿಯಬೇಕು. ಇದನ್ನು ಅಪ್ಪಯ್ಯನೇ ನನಗೆ ಹೇಳಿದ್ದು. ಕಾರ್ಕಳದ ಬೆಟ್ಟದ ಮೇಲೆ 1432ರಿಂದ ನಿಂತಿರುವ ನಲವತ್ತೆರಡು ಅಡಿಯ ಗೊಮ್ಮಟನನ್ನು ತೋರಿಸಿ, "ನೋಡು, ಈ ಊರಿನಲ್ಲಿ ಎಲ್ಲರಿಗಿಂತ ಎತ್ತರದವನಿಗೆ ದರ್ಜಿಯ ಹಂಗಿಲ್ಲ. ನಾವು ಗಿಡ್ಡರು, ನಮಗೆ ಬೇಕಾಗುತ್ತದೆ" ಎಂದು ನಗುತ್ತಿದ್ದರು.

ಮಳೆಗಾಲದಲ್ಲಿ ತೋಡು ದಾಟುವಾಗ ಅವರ ಚಪ್ಪಲಿ ಕೈಗೆ ಬರುತ್ತಿತ್ತು. "ಕಾಲು ನೆನೆದರೆ ಒರಸಿಕೊಳ್ಳಬಹುದು; ಚಪ್ಪಲಿ ನೆನೆದರೆ ಸಂಬಳದವರೆಗೆ ಕಾಯಬೇಕು." ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಚರ್ಮವನ್ನು ಸಾಕುವುದು ಹಸುವನ್ನು ಸಾಕಿದಂತೆಯೇ; ಒಂದು ವಾರ ಕಣ್ಣು ತಪ್ಪಿಸಿದರೆ ಬೂಷ್ಟು ಹಿಡಿಯುತ್ತದೆ. ಒಮ್ಮೆ ಮಾಣಿ ಕಾಪುವಿನ ದೀಪಸ್ತಂಭದ ಕೆಳಗೆ ಬೂಟು ಹಾಕಿಕೊಂಡೇ ಅಲೆಗೆ ಇಳಿದು ಬಂದ. ಉಪ್ಪನ್ನು ಸಿಹಿನೀರಿನ ಬಟ್ಟೆಯಿಂದ ಒರಸಿ, ಒಳಗೆ ಹಳೆಯ ಪತ್ರಿಕೆ ತುರುಕಿ, ನೆರಳಿನಲ್ಲಿ ಒಣಗಿಸಲು ಹೇಳಿಕೊಟ್ಟವನು ನಾನು. ಒಲೆಯ ಹತ್ತಿರ ಇಟ್ಟರೆ ಚರ್ಮ ಬಿರಿಯುತ್ತದೆ. ಸಾಪ್ತಾಹಿಕ ಪುರವಣಿಗಳೂ ಆ ಸೇವೆಗೆ ಸಂದಿವೆ, ಸಂಪಾದಕರು ಕ್ಷಮಿಸಬೇಕು.

ಈಗ ಹೇಳಲೇಬೇಕಾದ ಮಾತಿಗೆ ಬರುತ್ತೇನೆ. 1973ರಲ್ಲಿ ನಾನು ಮಣಿಪಾಲದ ಕಾಲೇಜೊಂದಕ್ಕೆ ಸೇರಿದೆ. ಮುಂಬಯಿ, ದಿಲ್ಲಿಗಳ ಹುಡುಗರು ಅಲ್ಲಿದ್ದರು. ಅಗಲ ಪಾದದ ಬೆಲ್ ಬಾಟಂ ಪ್ಯಾಂಟು, ಎತ್ತರದ ಹಿಮ್ಮಡಿಯ ಬೂಟು ಅವರ ದಿನದ ಉಡುಪು. ನಾನೂ ಒಂದು ಪ್ಯಾಂಟು ಹೊಲಿಸಿಕೊಂಡು ಅವರ ನಡುವೆ ತಲೆ ತೂರಿಸಿದ್ದೆ. ಒಂದು ಜುಲೈ ಮಧ್ಯಾಹ್ನ, ಧಾರಾಕಾರ ಮಳೆ. ಅಪ್ಪಯ್ಯ ಹಾಸ್ಟೆಲಿನ ಮೆಟ್ಟಿಲಲ್ಲಿ ನಿಂತಿದ್ದರು. ಮೊಣಕಾಲಿನವರೆಗೆ ಎತ್ತಿಕಟ್ಟಿದ ಪಂಚೆ, ಅದೇ ಕರಿ ಕೋಟು, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚಪ್ಪಲಿ; ಕಂಕುಳಲ್ಲಿ ಹಲಸಿನ ಹಪ್ಪಳದ ಕಟ್ಟು. ಕೋಟಿನ ಒಳಕಿಸೆಯಲ್ಲಿ ನನ್ನ ಫೀಸಿನ ಹಣ. ಪಕ್ಕದಲ್ಲಿದ್ದ ಗೆಳೆಯ, "ಯಾರದು?" ಎಂದು ಕೇಳಿದ.

"ನಮ್ಮ ಊರಿನವರು" ಎಂದೆ.

ಅಪ್ಪಯ್ಯನಿಗೆ ಕೇಳಿಸಿತು. ಹಣ ಎಣಿಸಿ ಕೊಟ್ಟರು, ಹಪ್ಪಳ ಕೊಟ್ಟರು, "ಮಳೆಯಲ್ಲಿ ನೆನೆಯಬೇಡ" ಎಂದು ಹೇಳಿ ಹೊರಟುಹೋದರು. ಮತ್ತೆ ಬಂದದ್ದು ನನ್ನ ಕೊನೆಯ ವರ್ಷದ ಕಾಲೇಜು ದಿನಾಚರಣೆಗೆ. ಜನ್ಮದಲ್ಲಿ ಮೊದಲ ಬಾರಿಗೆ ಪ್ಯಾಂಟು ಹೊಲಿಸಿಕೊಂಡಿದ್ದರು, ಕಪ್ಪು ಬೂಟು ಕೊಂಡಿದ್ದರು. ಕೋಟು ಮಾತ್ರ ಇರಲಿಲ್ಲ. ಊಟದ ಹೊತ್ತಿಗೆ ಅವರು ಕುಂಟುವುದನ್ನು ಕಂಡೆ. ರಾತ್ರಿ ಮನೆಯಲ್ಲಿ ಬೂಟು ಕಳಚಿದಾಗ ಎರಡೂ ಹಿಮ್ಮಡಿಗಳಲ್ಲಿ ರಕ್ತ. ಅಮ್ಮ ಕೊಬ್ಬರಿ ಎಣ್ಣೆ ಹಚ್ಚಿದಳು. ಯಾರೂ ಏನೂ ಮಾತಾಡಲಿಲ್ಲ.

ಇನ್ನೊಂದು ಮಾತನ್ನು ನುಂಗಿಕೊಂಡರೆ ಅಪಚಾರವಾದೀತು. ಚಪ್ಪಲಿಯನ್ನು ಕಾಲಿಗೆ ಹಾಕಬೇಕೋ ಕೈಯಲ್ಲಿ ಹಿಡಿಯಬೇಕೋ ಎಂಬುದು ಅಪ್ಪಯ್ಯನ ಇಷ್ಟಕ್ಕೆ ಬಿಟ್ಟದ್ದಾಗಿತ್ತು. ಅದನ್ನು ಹೊಲಿದುಕೊಟ್ಟವರು ನಮ್ಮ ಅಂಗಳಕ್ಕೆ ಬರಿಗಾಲಿನಲ್ಲೇ ಬರಬೇಕಿತ್ತು, ಅಂಚಿನಲ್ಲೇ ನಿಲ್ಲಬೇಕಿತ್ತು. ಕೋಟಿನ ಅಳತೆಗೆ ದರ್ಜಿ ಮೈ ಮುಟ್ಟಬಹುದಿತ್ತು. ಚಪ್ಪಲಿಯ ಅಳತೆಗೆ ನಾವು ಪಾದದ ಉದ್ದಕ್ಕೆ ಮುರಿದ ಕಡ್ಡಿಯೊಂದನ್ನು ಕಳುಹಿಸುತ್ತಿದ್ದೆವು. ಗಾಂಧೀಜಿ 1921ರಲ್ಲಿ ಮದುರೆಯಲ್ಲಿ ಅಂಗಿಯನ್ನು ಕಳಚಿದರು. ಅಂಬೇಡ್ಕರರು ಸೂಟು ಬೂಟಿನಲ್ಲಿ ಸಭೆಗಳ ಮುಂದೆ ನಿಂತರು. ಇದ್ದದ್ದನ್ನು ಕಳಚುವುದು ತ್ಯಾಗ. ತೊಡಲು ಬಿಡದವರ ಎದುರು ತೊಡುವುದು ಹೋರಾಟ. ಬಟ್ಟೆಗಳನ್ನು ಬೇಕಾದಂತೆ ಬೆರೆಸುವ ಸುಖ ಇವೆರಡರ ಹಂಗೂ ಇಲ್ಲದವರದು. ಮಾಣಿ ಇಂದು ಹಗುರಾಗಿ ಬೆರೆಸುತ್ತಾನೆಂದರೆ ಅವನ ಹಿಂದೆ ಎಷ್ಟೋ ಮಂದಿಯ ಭಾರ ಇಳಿದಿದೆ. ಎಲ್ಲರದೂ ಇಳಿದಿಲ್ಲ ಎಂಬುದನ್ನು ಅವನು ತಿಳಿದಿದ್ದರೆ ಒಳ್ಳೆಯದು.

ಮದುವೆಯ ಮರುದಿನ ಅವನು ಅಟ್ಟದ ಪೆಟ್ಟಿಗೆಯಿಂದ ಕೋಟನ್ನು ತೆಗೆದ. ನುಸಿಗುಳಿಗೆಯ ವಾಸನೆ, ಅದರಡಿಯಲ್ಲಿ ಒಲೆಯ ಹೊಗೆಯ ವಾಸನೆ. ಭುಜ ಅಳೆದಿಟ್ಟಂತೆ ಕೂತಿತು. ಪಕ್ಕೆ ಬಿಗಿ, ತೋಳು ಗಿಡ್ಡ. ಇಬ್ಬರೂ ಉಡುಪಿಯ ದರ್ಜಿಯೊಬ್ಬರಲ್ಲಿಗೆ ಹೋದೆವು. ಅವರು ಅಸ್ತರನ್ನು ಬಿಚ್ಚಿ, ಹೊಲಿಗೆಯ ಒಳಮಗ್ಗುಲನ್ನು ಬೆಳಕಿಗೆ ಹಿಡಿದು ತೋರಿಸಿದರು. "ಹಳೆಯವರು ಬುದ್ಧಿವಂತರು ಮಾರಾಯ್ರೆ. ಒಳಗೆ ಒಂದು ಇಂಚು ಬಟ್ಟೆ ಬಿಟ್ಟಿದ್ದಾರೆ. ಭುಜ ತಪ್ಪಿದ್ದರೆ ನನ್ನಿಂದ ಆಗುತ್ತಿರಲಿಲ್ಲ, ಉಳಿದದ್ದನ್ನು ಬಿಡಿಸಬಹುದು."

ಹಿಂದಿರುಗುವ ಬಸ್ಸಿನಲ್ಲಿ ಆ ಜುಲೈ ಮಧ್ಯಾಹ್ನದ ಕಥೆಯನ್ನು ಮಾಣಿಗೆ ಹೇಳಿದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅವನು ಕಿಟಕಿಯ ಹೊರಗೆ ನೋಡುತ್ತ ಕುಳಿತ.

ಮುಂದಿನ ತಿಂಗಳು ಕಾರ್ಕಳದಲ್ಲಿ ಒಂದು ಗೃಹಪ್ರವೇಶ. ಮಾಣಿ ಅಪ್ಪಯ್ಯನ ಕೋಟನ್ನು ತೊಟ್ಟು ಬಂದ. ಕೆಳಗೆ ಬಿಳಿ ಪಂಚೆ, ಅದರ ಕೆಳಗೆ ಆ ಕಂದು ಬೂಟು. ಹೊಸ್ತಿಲಲ್ಲಿ ಬೂಟು ಕಳಚಿಟ್ಟು ಒಳಗೆ ಬಂದ. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಕೋಟಿನ ಬಟ್ಟೆಯನ್ನು ಮುಟ್ಟಿ ನೋಡಿ, "ಒಳ್ಳೆಯ ಮಾಲು. ಯಾರದ್ದು?" ಎಂದು ನನ್ನನ್ನು ಕೇಳಿದರು.

"ನಮ್ಮ ಅಪ್ಪಯ್ಯನದ್ದು" ಎಂದೆ. ಹೇಳಲು ಐವತ್ತು ವರ್ಷ ತಡವಾಯಿತು.